ಅಂಕಪಟ್ಟಿ ಅಲಂಕಾರ: ಬಳಕೆದಾರರ ಕೈಪಿಡಿ

ಸ್ಕಿಡ್ ಎಂಬ ಚೆಸ್ ಡೇಟಾಬೇಸ್ ತಂತ್ರಾಂಶವನ್ನು ಬಿಟ್ಟಿಯಾಗಿ ಇಳಿಸಿಕೊಂಡವರಿಗೆ ಈ ಕೈಪಿಡಿ. ದುಡ್ಡು ಕೊಟ್ಟು ಬೇರೆಯದನ್ನು ಕೊಂಡವರೂ ಓದಬಹುದು, ಗೋಳು ಒಂದೇ.

ಹಂತ 1. ಟೂರ್ನಿಯ ಯಾವುದಾದರೊಂದು ಆಟ ತೆರೆದು ಕ್ರಾಸ್‌ಟೇಬಲ್ ಒತ್ತಿ, ಅಂಕಪಟ್ಟಿ ಮೂಡುತ್ತದೆ. 2025ರ ವೈಕ್ ಆನ್ ಜೀ ಮಾಸ್ಟರ್ಸ್‌ನಲ್ಲಿ ಆಡಿದವರು 14 ಮಂದಿ. ನಿಮ್ಮ ಪರದೆಯಲ್ಲಿ 16 ಮಂದಿ ಕಂಡರೆ ಗಾಬರಿ ಬೇಡ. ಆಟಗಳನ್ನು ಮೂರು ಕಡೆಯಿಂದ ಕೂಡಿಹಾಕಿದ್ದೀರಿ; ‘ಗುಕೇಶ್ ಡಿ’, ‘ಡಿ. ಗುಕೇಶ್’, ‘ದೊಮ್ಮರಾಜು ಗುಕೇಶ್’ ಮೂವರೂ ಒಬ್ಬರೇ ಎಂದು ತಂತ್ರಾಂಶಕ್ಕೆ ಯಾರೂ ಹೇಳಿಲ್ಲ. ಪರಿಣಾಮ ಸಣ್ಣದಲ್ಲ. ಅಲ್ಲಿ ಗುಕೇಶ್, ಪ್ರಜ್ಞಾನಂದ ಇಬ್ಬರೂ 8½ ಅಂಕದಲ್ಲಿ ಸಮ ನಿಂತು, ಬ್ಲಿಟ್ಜ್ ಟೈಬ್ರೇಕ್‌ನಲ್ಲಿ ಪ್ರಜ್ಞಾನಂದ 2–1ರಿಂದ ಗೆದ್ದದ್ದು. ನಿಮ್ಮ ಪಟ್ಟಿಯಲ್ಲಿ ಗುಕೇಶ್ ಮೂರು ಪಾಲಾಗಿ ಕೆಳಗೆಲ್ಲೋ ಬಿದ್ದಿರುವುದರಿಂದ ಟೈಬ್ರೇಕಿನ ತಂಟೆಯೇ ಇಲ್ಲ. ಪರಿಹಾರ: ಸ್ಪೆಲಿಂಗ್ ಕಡತ ಹಾಕಿ ಹೆಸರು ತಿದ್ದಿ. ಇನಿಷಿಯಲ್ ಇರುವ ನಮ್ಮವರ ಹೆಸರನ್ನು ಆಮೇಲೆ ಕೈಯಾರೆ ಇನ್ನೊಮ್ಮೆ ತಿದ್ದಿ. ಮೈಸೂರಿನ ಗ್ರ್ಯಾಂಡ್‌ಮಾಸ್ಟರ್ ಎಂ.ಎಸ್. ತೇಜ್‌ಕುಮಾರ್ ಅವರ ‘ಎಂ.ಎಸ್.’ ಅಲ್ಪವಿರಾಮದ ಯಾವ ಮಗ್ಗುಲಿಗೆ ಬೀಳುತ್ತದೆಂದು ಡೇಟಾಬೇಸ್‌ಗಳು ಇನ್ನೂ ಒಮ್ಮತಕ್ಕೆ ಬಂದಂತಿಲ್ಲ.

ಹಂತ 2. ರೇಟಿಂಗ್, ಬಿರುದು, ದೇಶ, ವಯಸ್ಸು: ಬೇಕಾದ್ದಕ್ಕೆ ಟಿಕ್ ಹಾಕಿ. ವಯಸ್ಸಿಗೆ ಹಾಕಬೇಡಿ. ನಿಮ್ಮನ್ನು ಸೋಲಿಸಿದವನಿಗೆ ಒಂಬತ್ತು ಎಂಬುದು ಮನೆಯವರಿಗೆ ತಿಳಿಯುವ ಅಗತ್ಯವಿಲ್ಲ.

ಹಂತ 3, ಟೈಬ್ರೇಕ್. ಕಾಫಿ ಮಾಡಿಕೊಂಡು ಬನ್ನಿ. 2013ರಲ್ಲಿ, ವಿಶ್ವ ಚಾಂಪಿಯನ್‌ಗೆ ಎದುರಾಳಿಯನ್ನು ಆರಿಸುವ ಲಂಡನ್ನಿನ ಕ್ಯಾಂಡಿಡೇಟ್ಸ್‌ನ ಕೊನೆಯ ಸುತ್ತಿನಲ್ಲಿ ಕಾರ್ಲ್‌ಸನ್ ಸೋತರು, ಕ್ರಾಮ್ನಿಕ್ಕೂ ಸೋತರು. ಇಬ್ಬರಿಗೂ 8½. ಪರಸ್ಪರ ಆಡಿದ್ದರಲ್ಲೂ ಸಮ. ಆಗ ನಿಯಮಾವಳಿಯ ಮುಂದಿನ ಸಾಲು ನೋಡಿದರು: ಹೆಚ್ಚು ಗೆದ್ದವರು ಮುಂದೆ. ಕಾರ್ಲ್‌ಸನ್ ಐದು ಗೆದ್ದು ಎರಡು ಸೋತಿದ್ದರು. ಕ್ರಾಮ್ನಿಕ್ ನಾಲ್ಕು ಗೆದ್ದು ಒಂದೇ ಸೋತಿದ್ದರು. ಅದೇ ವರ್ಷ ಚೆನ್ನೈಗೆ ಬಂದು ಆನಂದ್ ಅವರಿಂದ ಕಿರೀಟ ಕಸಿದವರು ಕಾರ್ಲ್‌ಸನ್. ‘ಕಡಿಮೆ ಸೋತವರು ಮುಂದೆ’ ಎಂದು ಆ ಸಾಲಿನಲ್ಲಿ ಬರೆದಿದ್ದರೆ? ನನಗಂತೂ ಅದೂ ಅಷ್ಟೇ ನ್ಯಾಯವೆನಿಸುತ್ತದೆ. ಆದ್ದರಿಂದ ಟೂರ್ನಿಯ ನಿಯಮ ಓದಿ ಟಿಕ್ ಹಾಕಿ. ಓದದೆ ಹಾಕಿದರೂ ಪಟ್ಟಿ ಅಷ್ಟೇ ಗಂಭೀರವಾಗಿ ಮೂಡುತ್ತದೆ, ಅದೇ ತೊಂದರೆ.

ಎಚ್ಚರಿಕೆ: ತಂತ್ರಾಂಶ ಎಣಿಸುವುದು ತನ್ನ ಹೊಟ್ಟೆಯಲ್ಲಿರುವ ಆಟಗಳನ್ನಷ್ಟೇ. ಬೈ ಸಿಕ್ಕವನ ಅಂಕ, ಎದುರಾಳಿ ಬಾರದೆ ದಕ್ಕಿದ ಅಂಕ ಅದರ ಲೆಕ್ಕದಲ್ಲಿಲ್ಲ. 2006ರಲ್ಲಿ ಎಲಿಸ್ಟಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತಮ್ಮ ಶೌಚಾಲಯಕ್ಕೆ ಬೀಗ ಹಾಕಿದರೆಂದು ಕ್ರಾಮ್ನಿಕ್ ಐದನೇ ಆಟಕ್ಕೆ ಕೂರಲೇ ಇಲ್ಲ. ಅಂಕ ಎದುರಾಳಿ ಟೊಪಾಲೊವ್ ಪಾಲಾಯಿತು. ಹನ್ನೆರಡು ಆಟ ಮುಗಿದಾಗ 6–6, ಆಮೇಲೆ ರ‍್ಯಾಪಿಡ್ ಆಡಿ ಕ್ರಾಮ್ನಿಕ್ ಗೆದ್ದರು. ಬರೀ ಆಡಿದ ಆಟ ಕೂಡಿಸಿದರೆ ಕ್ರಾಮ್ನಿಕ್ 6, ಟೊಪಾಲೊವ್ 5, ರ‍್ಯಾಪಿಡ್ ಬೇಕಾಗಿಯೇ ಇರಲಿಲ್ಲ. ಪಟ್ಟಿ ಸರಿಹೋಗಬೇಕಾದರೆ ಒಂದು ನಡೆಯೂ ಇಲ್ಲದ ಆಟವೊಂದನ್ನು ನೀವೇ ಸೃಷ್ಟಿಸಿ ಫಲಿತಾಂಶ ತುಂಬಬೇಕು. ಬೀಗದ ವಿಚಾರ ಬರೆಯಲು ಟಿಪ್ಪಣಿಯ ಜಾಗವಿದೆ.

ಹಂತ 4. ಎಚ್‌ಟಿಎಂಎಲ್‌ಗೋ ಲೇಟೆಕ್‌ಗೋ ರಫ್ತು ಮಾಡಿ.

ಐಚ್ಛಿಕ: ಪಟ್ಟಿಯೊಳಗಿನ ಯಾವುದೇ 1, 0 ಅಥವಾ ½ರ ಮೇಲೆ ಕ್ಲಿಕ್ ಮಾಡಿದರೆ ಆ ಆಟವೇ ತೆರೆದುಕೊಳ್ಳುತ್ತದೆ. ಅದನ್ನು ಆಡಿ ನೋಡುವ ಸೌಲಭ್ಯವೂ ಇದೆಯೆಂದು ಕೇಳಿದ್ದೇವೆ.