ಅಮೃತಶಿಲಾ ಮಹಾಶಯರು

ಮೂರನೆಯ ನಿಜಾಮ ಸಿಕಂದರ್ ಜಾಹನ ಹೆಸರನ್ನು 1806ರಲ್ಲಿ ಧರಿಸಿ, ಆಂಗ್ಲರ ದಂಡಿನ ನೆರಳಿನಲ್ಲಿ ಬೆಳೆದ ಸಿಕಂದರಾಬಾದಿನಲ್ಲಿ, ಮಾರೇಡ್‌ಪಲ್ಲಿಯ ಹಳೆಯ ಬಂಗಲೆಗಳು ತಮ್ಮ ಮಾವಿನ ಮರಗಳೊಡನೆ ಒಂದೊಂದಾಗಿ ಅಂತರ್ಧಾನವಾಗಿ, ಆ ನಿವೇಶನಗಳಲ್ಲಿ ಬಹುಮಹಡಿ ಸೌಧಗಳು ತಲೆಯೆತ್ತುತ್ತಿರುವ ಈ ದಿನಗಳಲ್ಲಿ, ಅಂತಹ ಸೌಧವೊಂದರ ಮೇಲಂತಸ್ತನ್ನು ಏರಿದವನಿಗೆ ಅಮೃತಶಿಲಾ ಮಹಾಶಯರ ದರ್ಶನವು ತಪ್ಪಿದ್ದಲ್ಲ. ಪೂರ್ವಾಶ್ರಮದಲ್ಲಿ ಅವರು ಕಲಬುರಗಿ ಸೀಮೆಯವರು. ವಿದ್ಯೆಗಾಗಿ ಬಂದು, ಉದ್ಯೋಗಕ್ಕಾಗಿ ನಿಂತು, ಗುತ್ತಿಗೆಯ ವ್ಯವಹಾರದಲ್ಲಿ ಲಕ್ಷ್ಮಿಯ ಕಟಾಕ್ಷಕ್ಕೆ ಪಾತ್ರರಾದ ಮೇಲೆ, ಇಂಟೀರಿಯರ್ ಡಿಸೈನರ್ ಎಂಬ ನೂತನ ಪುರೋಹಿತನ ಕೈಗೆ ಸಿಕ್ಕವರು.

‘ಕೂಡ್ರಿ’ ಎಂಬ ಮಾತು ಅವರ ಬಾಯಿಂದ ಹೊರಡುವುದು ಗೃಹಪ್ರದಕ್ಷಿಣೆಯು ಸಾಂಗವಾಗಿ ಮುಗಿದ ಬಳಿಕವೇ. ನೆಲವು ಇಟಲಿಯದು, ಅಡುಗೆಮನೆಯು ಜರ್ಮನಿಯದು, ದೀಪಗುಚ್ಛವು ಬೆಲ್ಜಿಯಮ್ಮಿನದು ಎಂದು ಪ್ರತಿಯೊಂದು ವಸ್ತುವಿನ ಗೋತ್ರಪ್ರವರವನ್ನೂ ಅವರು ಪಠಿಸುತ್ತ ಮುನ್ನಡೆದಂತೆ, ಅತಿಥಿಯಾದವನು ತಕ್ಕ ತಕ್ಕ ಸ್ಥಳಗಳಲ್ಲಿ ಬೆರಗಾಗುತ್ತ ಹಿಂಬಾಲಿಸತಕ್ಕದ್ದು. ಹಣ ತೆತ್ತು ಎತ್ತರವನ್ನು ಕಳೆದುಕೊಳ್ಳುವ ವಿದ್ಯೆಯಾದ ಫಾಲ್ಸ್ ಸೀಲಿಂಗನ್ನು ಕತ್ತೆತ್ತಿ ನೋಡಬೇಕು. ಧೂಳಿಗೆ ಶಾಶ್ವತ ವಸತಿಯನ್ನು ಕಲ್ಪಿಸಿರುವ ಗೀರುಗೀರಾದ ಗೋಡೆಫಲಕಗಳನ್ನು ಮುಟ್ಟದೆ ಮೆಚ್ಚಬೇಕು. ಸ್ವರಾಜ್ಞೆಗೆ ಉರಿಯುವ ದೀಪಗಳು ಇಂಗ್ಲಿಷನ್ನಷ್ಟೇ ಬಲ್ಲವು, ಅದರಲ್ಲಿಯೂ ಕಲಬುರಗಿಯ ಇಂಗ್ಲಿಷಿಗೆ ಸುಲಭವಾಗಿ ಮಣಿಯುವಂಥವಲ್ಲ. ಆದುದರಿಂದ ಯಜಮಾನರು ಮೂರು ಸಲ ಗದರಿಸಿ, ನಾಲ್ಕನೆಯ ಸಲ ಮಗಳನ್ನು ಕರೆಯುತ್ತಾರೆ.

ಅಡುಗೆಮನೆಗಳು ಎರಡು. ಮೊದಲನೆಯದು ನಡುವೆ ದ್ವೀಪದಂತಹ ಕಟ್ಟೆಯುಳ್ಳದ್ದು, ನೋಡುವುದಕ್ಕೆ. ಎರಡನೆಯದು ಹಿಂಬದಿಯ ಇಕ್ಕಟ್ಟಿನಲ್ಲಿರುವುದು, ಒಗ್ಗರಣೆಗೆ. ಊಟದ ಮೇಜಿನ ಹಲಗೆಯೂ ಅಮೃತಶಿಲೆಯೇ. ಸುಣ್ಣದ ಅಂಶವೇ ಮೂಲವಾದ ಆ ಕಲ್ಲಿಗೆ ನಿಂಬೆ, ಹುಣಿಸೆಗಳ ಹುಳಿಯು ತಗುಲಿದೊಡನೆ ಹೊಳಪು ಹೋಗಿ ಮಚ್ಚೆ ಬೀಳುವುದರಿಂದಲೂ, ಅರಿಸಿನದ ಕಲೆಯು ಅದರೊಳಕ್ಕೆ ಇಳಿದು ನಿಲ್ಲುವುದರಿಂದಲೂ, ಸಾರನ್ನು ಉಣ್ಣುವ ಕುಟುಂಬವು ಆ ಮೇಜಿನಲ್ಲಿ ಉಣ್ಣುವಂತಿಲ್ಲ. ಅದಕ್ಕೆ ಎಂಟು ಕುರ್ಚಿಗಳಿವೆ.

ಇಷ್ಟೊಂದು ಆಡಂಬರವೇಕೆಂದು ಯಾರಾದರೂ ಸೂಚಿಸಿದರೆ ಅವರು ಫಲಕ್‌ನುಮಾ ಅರಮನೆಯನ್ನು ಸಾಕ್ಷಿಗೆ ಕರೆಯುತ್ತಾರೆ: ಪಾಯಿಗಾ ಮನೆತನದ ವಿಕಾರ್-ಉಲ್-ಉಮ್ರಾ ಅದನ್ನು ಕಟ್ಟಿಸಿದಾಗ ಅಲ್ಲಿಗೂ ಇಟಲಿಯ ಅಮೃತಶಿಲೆಯೇ ಬಂದಿತಲ್ಲವೆ, ಅಲ್ಲಿಯ ಭೋಜನದ ಮೇಜಿನ ಸುತ್ತ 101 ಜನ ಕೂಡುವರಲ್ಲವೆ! ಅಹುದು. ಆ ಸೌಧದ ವೆಚ್ಚವು ಅಷ್ಟು ದೊಡ್ಡ ಅಮೀರನನ್ನೂ ಸಾಲದಲ್ಲಿ ಮುಳುಗಿಸಿ, ಕಡೆಗೆ ಅದು ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಪಾಲಾಯಿತೆಂಬ ಉತ್ತರಾರ್ಧವನ್ನು ಮಾತ್ರ, ತಿಂಗಳು ತಿಂಗಳೂ ಬ್ಯಾಂಕಿಗೆ ಕಂತು ಕಟ್ಟುವ ನಮ್ಮ ಮಹಾಶಯರು ಹೇಳುವುದಿಲ್ಲ. ಹೇಳಲು ನಿಜಾಮರೂ ಈಗ ಇಲ್ಲವಷ್ಟೆ.

ಈಚೆಗೆ ಪುರೋಹಿತನು ಶಾಸ್ತ್ರವನ್ನು ಬದಲಿಸಿದ್ದಾನೆ. ನುಣುಪಿನ ಕಾಲವು ಮುಗಿಯಿತಂತೆ. ಇನ್ನು ಒರಟಾದ, ಬೂದುಬಣ್ಣದ, ನೆಲದಿಂದ ಎದ್ದಂತೆಯೇ ಇರುವ ‘ನ್ಯಾಚುರಲ್ ಸ್ಟೋನ್’ ಒಂದೇ ಅಭಿರುಚಿಯ ಲಕ್ಷಣವಂತೆ. ಬಾಲ್ಕನಿಯ ಅಮೃತಶಿಲೆಯನ್ನು ಕೀಳಿಸಿ ಆ ಕಲ್ಲನ್ನು ಹಾಸಿಸಿದ್ದಾಯಿತು. ಮಹಾಶಯರು ಅದರ ಮಹಿಮೆಯನ್ನು ನಮಗೆ ವರ್ಣಿಸುತ್ತಿರುವಾಗ, ಊರಿನಿಂದ ಬಂದಿದ್ದ ಅವರ ತಾಯಿಯವರು ಹೊರಗೆ ಬಂದು, ಬರಿಗಾಲಿನಿಂದ ನೆಲವನ್ನೊಮ್ಮೆ ಉಜ್ಜಿ ನೋಡಿದರು.

“ಏನೋ ತಮ್ಮಾ, ಇದು ನಮ್ಮ ದನದ ಕೊಟ್ಟಿಗ್ಯಾಗ ಹಾಕಿದ್ದ ಶಹಾಬಾದಿ ಫರ್ಸಿ ಅಲ್ಲೇನೋ?”

“ಅವ್ವಾ, ನೀ ಒಳಗ ನಡಿ, ಚಾ ಆರ್ತದ” ಎಂದ ಮಹಾಶಯರು ನಮ್ಮತ್ತ ತಿರುಗಿ, ಸ್ನಾನದ ಕೋಣೆಯ ಸ್ಪೇನಿನ ನಲ್ಲಿಗಳನ್ನು ನಾವಿನ್ನೂ ನೋಡಲಿಲ್ಲವೆಂದು ನೆನಪಿಸಿ, ಅವಸರವಸರವಾಗಿ ಮುಂದೆ ನಡೆದರು.