ಗಾಡಿ ಹಚ್ಚುವ ಕ್ರಮ: ವಿದ್ಯಾರ್ಥಿಗಳ ಕಾರ್ ನಿಲುಗಡೆ ಕೈಪಿಡಿ

ಬಳಸುವ ಮೊದಲು ಪೂರ್ತಿ ಓದಿರಿ. ಓದಿದ ಮೇಲೆ ಹರಿದು ಒಗೆಯಬೇಡಿ, ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಡಿರಿ. ಮಳೆಗಾಲದಲ್ಲಿ ಸೈಡ್ ಸ್ಟ್ಯಾಂಡಿನ ಬುಡಕ್ಕೆ ಕೊಡಲು ಬರುತ್ತದೆ.

ಈ ಕೈಪಿಡಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಿಂದ ಕಾಲೇಜು, ಯೂನಿವರ್ಸಿಟಿ ಅಂತ ಓಡಾಡುವ ಹುಡುಗ ಹುಡುಗಿಯರಿಗೆ. ಭಾಷೆಯ ಬಗ್ಗೆ ಮೊದಲೇ ಒಂದು ಮಾತು. ನಮ್ಮ ಕಡೆ ಗಾಡಿಯನ್ನು ಯಾರೂ ನಿಲುಗಡೆ ಮಾಡುವುದಿಲ್ಲ, ಹಚ್ಚುತ್ತಾರೆ. ದೀಪ ಹಚ್ಚಿದ ಹಾಗೆ, ಗೋಡೆಗೆ ಸುಣ್ಣ ಹಚ್ಚಿದ ಹಾಗೆ, ಮಗನನ್ನು ಸಾಲಿಗೆ ಹಚ್ಚಿದ ಹಾಗೆ. ಆದ್ದರಿಂದ ಆವರಣದಲ್ಲಿ ಯಾರಾದರೂ 'ಗಾಡಿ ಎಲ್ಲಿ ಹಚ್ಚಿ?' ಎಂದರೆ ಬೆಂಕಿಪೆಟ್ಟಿಗೆ ಹುಡುಕಬೇಡಿ.

ಬೇಕಾಗುವ ಸಾಮಾನು: ಕಾರು, ಒಂದು.

ಕಾರು ಇಲ್ಲದವರು ಮುಂದಿನ ಹಂತಕ್ಕೆ ಹೋಗಿರಿ. ಎಲ್ಲರೂ ಬಂದಿರಲ್ಲ? ಸರಿ.

ಹಂತ 1. ವಿಶ್ವವಿದ್ಯಾಲಯ ಎಲ್ಲಿದೆ ಎಂದು ಗೊತ್ತುಮಾಡಿಕೊಳ್ಳುವುದು

ಇದು ತೋರುವಷ್ಟು ಸುಲಭವಲ್ಲ. ರಾಣಿ ಚನ್ನಮ್ಮ 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಯ ಪಡೆಯನ್ನು ಸೋಲಿಸಿದ್ದು ಕಿತ್ತೂರಿನಲ್ಲಿ. 1829ರಲ್ಲಿ ಸೆರೆಯಲ್ಲೇ ಕಣ್ಣು ಮುಚ್ಚಿದ್ದು ಬೈಲಹೊಂಗಲದಲ್ಲಿ, ಸಮಾಧಿಯೂ ಅಲ್ಲೇ. ಆದರೆ 2010ರಲ್ಲಿ ಆಕೆಯ ಹೆಸರಿನ ವಿಶ್ವವಿದ್ಯಾಲಯ ಆರಂಭವಾದದ್ದು ಬೆಳಗಾವಿಯನ್ನೂ ದಾಟಿ, ಕೊಲ್ಹಾಪುರದ ದಿಕ್ಕಿಗೆ, ಹೆದ್ದಾರಿ ಮಗ್ಗುಲಿನ ಭೂತರಾಮನಹಟ್ಟಿಯಲ್ಲಿ. ಅದಕ್ಕೂ ಮೊದಲು ಅದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ಕಿತ್ತೂರಿಗೂ ಸವದತ್ತಿಗೂ ಬಸ್ಸಿನ ಲೆಕ್ಕದಲ್ಲಿ ಧಾರವಾಡವೇ ಹತ್ತಿರ, ಪದವಿ ಪತ್ರದ ಲೆಕ್ಕದಲ್ಲಿ ಬೆಳಗಾವಿ. ಹಿರೇಬಾಗೇವಾಡಿಯ ಹೊಸ ಆವರಣ ಬೆಳಗಾವಿಗಿಂತ ಈಚೆಗೆ ಎಂಬುದು ಬೈಲಹೊಂಗಲದವರಿಗೆ ಸಮಾಧಾನ. ರಾಮದುರ್ಗದವರಿಗೆ ಎಲ್ಲವೂ ದೂರ, ಅವರು ಈ ಚರ್ಚೆಯಲ್ಲಿ ಭಾಗವಹಿಸುವುದಿಲ್ಲ, ಬಸ್ಸಿನಲ್ಲಿ ನಿದ್ದೆ ಮಾಡುತ್ತಿರುತ್ತಾರೆ.

ಹಂತ 2. ಜಾಗ ಅಳೆಯುವುದು

ಒಂದು ಕಾರಿಗೆ ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲ ಬೇಕೆಂದು ಎಂಜಿನಿಯರರ ಲೆಕ್ಕ. ಅಷ್ಟು ಜಾಗದಲ್ಲಿ ಐದು ಸ್ಪ್ಲೆಂಡರ್ ಆರಾಮಾಗಿ ನಿಲ್ಲುತ್ತವೆ. ಸ್ಪ್ಲೆಂಡರಿಗೆ ಮೂವರಂತೆ ಹದಿನೈದು ವಿದ್ಯಾರ್ಥಿಗಳಾದರು. ತಿರುವಿನಲ್ಲಿ ಪೊಲೀಸರು ನಿಂತಿದ್ದರೆ ಹತ್ತು ಜನ ಗಾಡಿಯ ಮೇಲೆ, ಐದು ಜನ ನಡೆದುಕೊಂಡು.

ಅಳತೆಗಿಂತ ಮುಖ್ಯವಾದದ್ದು ನೆರಳು. ತಾಲ್ಲೂಕಿನ ಕಾಲೇಜುಗಳಲ್ಲಿ ಪಾರ್ಕಿಂಗ್ ಎಂದರೆ ಬೇವಿನ ಗಿಡ. ಹೊಸದಾಗಿ ಸೇರಿದ ಹುಡುಗ ಬೆಳಿಗ್ಗೆ ಹತ್ತಕ್ಕೆ ಬಂದು, ನೆರಳು ಎಲ್ಲಿ ಬಿದ್ದಿದೆಯೋ ಅಲ್ಲಿ, ಅಂದರೆ ಗಿಡದ ಪಡುವಣಕ್ಕೆ ಗಾಡಿ ಹಚ್ಚಿ ಖುಷಿಯಿಂದ ಒಳಗೆ ಹೋಗುತ್ತಾನೆ. ಮೂರನೆಯ ವರ್ಷದವನು ಸುಡುಬಿಸಿಲಿನಲ್ಲಿ ಮೂಡಣಕ್ಕೆ ಹಚ್ಚುತ್ತಾನೆ. ಇವನಿಗೇನು ಹುಚ್ಚೇ ಅನಿಸುತ್ತದೆ. ಮಧ್ಯಾಹ್ನ ಮೂರಕ್ಕೆ ತರಗತಿ ಬಿಟ್ಟಾಗ ನೆರಳೆಲ್ಲ ಮೂಡಣಕ್ಕೆ ಸರಿದಿರುತ್ತದೆ. ಹೊಸಬನ ಸೀಟು ರೊಟ್ಟಿ ಬೇಯಿಸುವ ಹಂಚು. ಆತ ನಿಂತುಕೊಂಡೇ ಗಾಡಿ ಹೊಡೆಯುತ್ತಾ ಊರು ಸೇರುತ್ತಾನೆ. ಪದವಿಯ ಮೂರು ವರ್ಷದಲ್ಲಿ ಯಾರೂ ಪಾಠ ಮಾಡದೆ ಎಲ್ಲರೂ ಕಲಿಯುವ ಭೂಗೋಳ ಇದೊಂದೇ.

ಎಚ್ಚರಿಕೆ: ನಮ್ಮದು ಎರಿ ಭೂಮಿ. ಬೇಸಿಗೆಯಲ್ಲಿ ಕಲ್ಲು, ಮೃಗಶಿರದ ಮಳೆ ಬಿದ್ದ ಮೇಲೆ ಬೆಣ್ಣೆ. ಸೈಡ್ ಸ್ಟ್ಯಾಂಡ್ ಹಾಕಿ ನೀವು ಹಾಜರಿ ಹೇಳಿ ಬರುವಷ್ಟರಲ್ಲಿ ಅದು ಗೇಣುದ್ದ ಇಳಿದಿರುತ್ತದೆ. ಒಂದು ಗಾಡಿ ವಾಲಿ ಪಕ್ಕದ್ದಕ್ಕೆ ಒರಗುತ್ತದೆ, ಅದು ಅದರ ಪಕ್ಕದ್ದಕ್ಕೆ, ಕೊನೆಗೆ ಇಡೀ ಸಾಲು ಎದುರಿನ ಗೋಡೆಗೆ. ಸ್ಟ್ಯಾಂಡಿನ ಬುಡಕ್ಕೆ ಚಪ್ಪಟೆ ಕಲ್ಲು, ಹೆಂಚಿನ ತುಂಡು, ತುಳಿದು ಚಪ್ಪಟೆ ಮಾಡಿದ ನೀರಿನ ಬಾಟಲಿ ಯಾವುದಾದರೂ ಸರಿ. ಏನೂ ಸಿಗದಿದ್ದರೆ ಜೇಬಿನಲ್ಲಿ ಈ ಕೈಪಿಡಿ ಇದೆಯಲ್ಲ.

ಹಂತ 3. ವಯಸ್ಸು

ಹದಿನೆಂಟು ತುಂಬಿರಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಪಿಯುಸಿ ಹುಡುಗ ಗಾಡಿ ಹೊಡೆದು ಸಿಕ್ಕರೆ 25,000 ರೂಪಾಯಿ ದಂಡವೂ ಜೈಲೂ ಅಪ್ಪನ ಪಾಲಿಗೆ. ಅಪ್ಪ ಕಬ್ಬಿನ ಬಿಲ್ಲಿಗಾಗಿ ಕಾಯುತ್ತಿದ್ದಾನೆ. ಮುಂದಕ್ಕೆ ಹೋಗೋಣ.

ಹಂತ 4. ನಿಜವಾದ ನಿಲುಗಡೆ

ಇಲ್ಲಿಯವರೆಗಿನದು ಪೀಠಿಕೆ. ಈ ನಾಲ್ಕು ಊರುಗಳಲ್ಲಿ ಯಾವುದಕ್ಕೂ ರೈಲಿಲ್ಲ. ವಿದ್ಯಾರ್ಥಿಯ ಕಾರು ಎಂದರೆ ಬಸ್ಸು, ವಿದ್ಯಾರ್ಥಿಯ ಪಾರ್ಕಿಂಗ್ ಎಂದರೆ ಸೀಟು ಹಿಡಿಯುವುದು. ಬಸ್ಸು ಸ್ಟ್ಯಾಂಡಿನೊಳಗೆ ತಿರುಗುವಾಗಲೇ ಅದರ ಜೊತೆ ಓಡಬೇಕು. ಬಾಗಿಲ ಕಡೆ ನೋಡಬಾರದು, ಬಾಗಿಲು ಮುದುಕರಿಗೆ. ಕಿಟಕಿಯೊಳಗೆ ಕೈ ತೂರಿಸಿ ವಸ್ತ್ರವನ್ನು ಸೀಟಿನ ಮೇಲೆ ಬೀಳಿಸಬೇಕು, ಎಸೆಯಬಾರದು. ಎಸೆದರೆ ಆಚೆ ಬದಿಗೆ ಜಾರಿ ಮೂರು ಮಂದಿಯ ಸೀಟಿನ ನಡುವೆ ಬೀಳುತ್ತದೆ, ಆಮೇಲೆ ಗಡಿ ವಿವಾದ.

ಏನು ಹಾಕಬೇಕು ಎಂಬುದಕ್ಕೂ ಶಾಸ್ತ್ರವಿದೆ. ಟವೆಲ್ಲಿಗೆ ಎಲ್ಲರಿಗಿಂತ ಹೆಚ್ಚು ಮರ್ಯಾದೆ. ಕರವಸ್ತ್ರ ಗಾಳಿಗೆ ಹಾರುತ್ತದೆ. ಹುಡುಗಿಯರ ವೇಲ್‌ಗೆ ತಕರಾರೇ ಇಲ್ಲ. ಪುಸ್ತಕವನ್ನು ಎತ್ತಿ ಬದಿಗಿಟ್ಟು ಕೂರುವವರಿದ್ದಾರೆ, ವಿದ್ಯೆಗೆ ನಮ್ಮಲ್ಲಿರುವ ಸ್ಥಾನ ಅಷ್ಟೇ. ನಾನು ಬೈಲಹೊಂಗಲದಿಂದ ಓಡಾಡುವಾಗ ಒಮ್ಮೆ ಅವಸರದಲ್ಲಿ ಅರ್ಥಶಾಸ್ತ್ರದ ನೋಟ್ಸನ್ನೇ ಒಳಗೆ ಹಾಕಿದ್ದೆ. ಸೀಟು ಸಿಕ್ಕಿತು, ನಿಜ. ಆದರೆ ಅದು ಗೋಕಾಕದ ಬಸ್ಸು. ಬೋರ್ಡು ಓದುವಷ್ಟರಲ್ಲಿ ಬಸ್ಸು ಹೊರಟೇಹೋಯಿತು. ನಾನು ಕೆಳಗೆ, ಬೇಡಿಕೆ ಮತ್ತು ಪೂರೈಕೆ ಗೋಕಾಕಕ್ಕೆ.

'ಇಲ್ಲಿ ಮಂದಿ ಅದಾರ್ರೀ' ಎಂಬ ಮಾತನ್ನು ಹೇಳುವ ದನಿಯನ್ನೂ ಕಲಿಯಬೇಕು. ಗಟ್ಟಿಯಾಗಿ ಹೇಳಿದರೆ ಸುಳ್ಳು ಅನಿಸುತ್ತದೆ, ಮೆಲ್ಲಗೆ ಹೇಳಿದರೆ ಯಾರೂ ಕೇಳುವುದಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳ ಪ್ರಯಾಣ ಉಚಿತವಾಯಿತು. ಪಾಸಿಗೆ ದುಡ್ಡು ಕಟ್ಟಬೇಕಲ್ಲ ಎಂದು ಮಗಳ ಓದು ಬಿಡಿಸುವ ಮಾತು ಎಷ್ಟೋ ಮನೆಯಲ್ಲಿ ನಿಂತಿದೆ. ಇದನ್ನು ಹೇಳದೆ ಬರೀ ನೂಕುನುಗ್ಗಲಿನ ಬಗ್ಗೆ ನಗುವುದು ಸರಿಯಲ್ಲ. ಈಗ ಅಮ್ಮನೂ ಮಗಳೂ ಒಂದೇ ಕಿಟಕಿಗೆ ಟವೆಲ್ ಹಾಕುತ್ತಾರೆ. ಅಮ್ಮನ ಗುರಿ ಚೆನ್ನಾಗಿದೆ.

ಹಂತ 5. ಋತುಮಾನ

ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಜಗ್ಗುವ ಟ್ರ್ಯಾಕ್ಟರಿನ ಹಿಂದೆ ಬಸ್ಸು ನಡಿಗೆಯಲ್ಲೇ ಸಾಗುತ್ತದೆ. ಮೊದಲ ಪೀರಿಯಡ್ ಮರೆತುಬಿಡಿ. ಭಾರತ ಹುಣ್ಣಿಮೆಗೆ ಸವದತ್ತಿಯ ಹಾದಿಯನ್ನೇ ಮರೆತುಬಿಡಿ. ಆ ದಿನ ಎಲ್ಲಮ್ಮನ ಗುಡ್ಡದ ಸುತ್ತ ಚಕ್ಕಡಿ, ಟ್ರ್ಯಾಕ್ಟರ್, ಕ್ರೂಸರ್, ಟಂಟಂ ಎಲ್ಲ ಸೇರಿ ನಿಂತ ನಿಲುಗಡೆಯನ್ನು ಒಮ್ಮೆ ನೋಡಬೇಕು. ಬಿಳಿ ಗೆರೆಯಿಲ್ಲ, ಚೀಟಿಯಿಲ್ಲ. ನೊಗ ಇಳಿಸಿ, ಎತ್ತುಗಳನ್ನು ಗಾಲಿಗೆ ಕಟ್ಟಿ, ಮೂರು ಕಲ್ಲು ಹೂಡಿ ಒಲೆ ಹಚ್ಚಿದರೆ ಗಾಡಿಯನ್ನೂ ಹಚ್ಚಿದಂತೆಯೇ. ಉದೋ ಉದೋ ಎನ್ನುತ್ತಾ ಬಂದವರು ಉದೋ ಉದೋ ಎನ್ನುತ್ತಲೇ ಹೊರಟುಹೋಗುತ್ತಾರೆ.

ತೊಂದರೆ ನಿವಾರಣೆ

ಪ್ರಶ್ನೆ: ನಿಜವಾಗಿಯೂ ಕಾರು ಬಂದರೆ?

ಬಂದಿತ್ತು. ಒಂದು ಕಾಲೇಜಿನ ವಾರ್ಷಿಕೋತ್ಸವಕ್ಕೆ ಹುಡುಗನೊಬ್ಬ ಮಾವನ ಬಿಳಿ ಸ್ವಿಫ್ಟ್ ತಂದಿದ್ದ. ಬೇವಿನ ಗಿಡದ ಕೆಳಗೆ ಜಾಗವಿರಲಿಲ್ಲ. ಗೆಳೆಯರು ಆರು ಬೈಕುಗಳನ್ನು ಎತ್ತಿ ಎತ್ತಿ ಬದಿಗಿಟ್ಟರು. ಕಾರು ಒಳಗೆ ಹೋಯಿತು, ಬಾಗಿಲು ತೆರೆಯಲಿಲ್ಲ, ಎರಡೂ ಬದಿಗೆ ಬೈಕು. ಹುಡುಗ ಒಳಗೇ ಕುಳಿತು ಗಾಜು ಇಳಿಸಿ ಭಾಷಣ ಕೇಳಿದ. ಕಾವಲುಗಾರ ಬಂದು ಬಾನೆಟ್ಟಿನ ಮೇಲೆ ಮೆಲ್ಲಗೆ ತಟ್ಟಿ, 'ತಮ್ಮಾ, ಇದನ್ನ ಹೊರಗ ಹಚ್ಚು, ನೆರಳು ಹುಡುಗೂರಿಗೆ ಬೇಕು' ಎಂದ.

ಹಂತ 6. ರಾತ್ರಿ ನಿಲುಗಡೆ

ಇದಕ್ಕೆ ವಿದ್ಯಾರ್ಥಿ ಏನೂ ಮಾಡಬೇಕಿಲ್ಲ, ವಸ್ತಿ ಬಸ್ಸಿನಲ್ಲಿ ಕುಳಿತರೆ ಸಾಕು. ರಾತ್ರಿ ಒಂಬತ್ತರ ಸುಮಾರಿಗೆ ಅದು ರಾಮದುರ್ಗದ ಆಚೆಯ ಹಳ್ಳಿಗೆ ಬಂದು ಹನುಮಪ್ಪನ ಗುಡಿಯ ಮುಂದೆ ಸುತ್ತು ತಿರುಗಿ, ಬೆಳಿಗ್ಗೆ ಹೊರಡಲು ಅನುಕೂಲವಾಗುವಂತೆ ಊರಿಗೆ ಬೆನ್ನು ಮಾಡಿ ನಿಲ್ಲುತ್ತದೆ. ಕಂಡಕ್ಟರ್ ಲೆಕ್ಕದ ಹಾಳೆ ಮಡಚುತ್ತಾನೆ. ಡ್ರೈವರ್ ಇಳಿದು ಗುಡಿಯ ಕಟ್ಟೆಯ ಪಕ್ಕದಲ್ಲಿ ದಿನವೂ ಇರುವ ಕಲ್ಲನ್ನು ಕಾಲಿನಿಂದಲೇ ಸರಿಸಿ ಹಿಂದಿನ ಗಾಲಿಗೆ ಕೊಡುತ್ತಾನೆ. ಯಾರ ಮನೆಯಿಂದಲೋ ರೊಟ್ಟಿ, ಪುಂಡಿಪಲ್ಲೆ ಬರುತ್ತದೆ. ಇಬ್ಬರೂ ಉಂಡು ಬಸ್ಸಿನಲ್ಲಿ ಮಲಗಲು ಬಂದು ಟಾರ್ಚ್ ಬಿಡುತ್ತಾರೆ. ಮುಂದಿನಿಂದ ಮೂರನೆಯ ಸೀಟಿನಲ್ಲಿ, ಕಿಟಕಿ ಬದಿಗೆ, ನಾಳೆ ಬೆಳಗಿನ ಟ್ರಿಪ್ಪಿಗೆ ಯಾರೋ ಆಗಲೇ ಟವೆಲ್ ಹಾಸಿ ಹೋಗಿದ್ದಾರೆ.