ಮಾಜಿ ಸಿಂಗಲ್ ಕೋರ್ ಸಾಹೇಬರಿಗೊಂದು ಬಹಿರಂಗ ಪತ್ರ

ಮಾನ್ಯ ಸಿಂಗಲ್ ಕೋರ್ ಸಾಹೇಬರೇ,

ಒಂದೇ ಕೋರಿನ, ಅಂದರೆ ಲೆಕ್ಕ ಮಾಡುವ ಒಂದೇ ತಲೆಯ ಪ್ರೊಸೆಸರಾದ ತಾವು ನಿವೃತ್ತರಾಗಿ ವರ್ಷಗಳೇ ಕಳೆದರೂ ಕುರ್ಚಿ ಬಿಟ್ಟಿಲ್ಲ. ಹೊಸ ಲ್ಯಾಪ್‌ಟಾಪಿನ ಡಬ್ಬಿಯ ಮೇಲೆ ತಮ್ಮ ಹೆಸರು ಹುಡುಕಿದರೂ ಸಿಗದು. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಡಿಗ್ರಿಗೆ ಸೇರಿದ ಮಗಳಿಗಾಗಿ ಕಡಿಮೆ ರೊಕ್ಕದ ಲ್ಯಾಪ್‌ಟಾಪ್ ಹುಡುಕುವ ಅಪ್ಪನ ಮುಂದೆ ‘ಸೆಕೆಂಡ್ ಹ್ಯಾಂಡ್, ಕಂಡೀಶನ್ ಚಲೋ ಐತ್ರಿ’ ಎಂಬ ಶಿಫಾರಸಿನೊಂದಿಗೆ ಪ್ರತ್ಯಕ್ಷರಾಗುತ್ತೀರಿ. ಪಕ್ಕದಲ್ಲೇ ತಮ್ಮ ತಮ್ಮನಾದ ಡ್ಯುಯಲ್ ಕೋರ್, ಎದೆಗೆ ಸ್ಟಿಕ್ಕರ್ ಅಂಟಿಸಿಕೊಂಡು, ‘ನನಗೆ ಎರಡು ತಲೆ, ಹಾಗಾಗಿ ಎರಡು ಪಟ್ಟು ವೇಗ’ ಎನ್ನುತ್ತ ಕೂತಿರುತ್ತಾನೆ. ತಾವು ಮನೆಗೆ ಹೋಗಬೇಕು, ಆತ ಜಂಬ ಬಿಡಬೇಕು. ಪತ್ರದ ವಿಷಯ ಇಷ್ಟೇ.

ಮೊದಲು ತಮ್ಮನ ಜಂಬದ ಲೆಕ್ಕ. ಜೀನ್ ಆಮ್ಡಾಲ್ ಎಂಬ ಎಂಜಿನಿಯರ್ 1967ರಲ್ಲೇ ವಾದಿಸಿ ತೋರಿಸಿದ್ದನ್ನು ಬ್ಯಾಡಗಿ ಮಾರುಕಟ್ಟೆಯ ಹಮಾಲರಿಗೆ ಯಾರೂ ಕಲಿಸಬೇಕಿಲ್ಲ. ಒಂದು ಲಾಟ್ ಮೆಣಸಿನಕಾಯಿ ತೂಗಲು ಅರ್ಧ ಗಂಟೆ, ಪಟ್ಟಿ ಬರೆಯಲು ಅರ್ಧ ಗಂಟೆ ಹಿಡಿಯುತ್ತದೆ ಎನ್ನೋಣ. ಇನ್ನೊಂದು ಕಾಟಾ ತಂದಿಟ್ಟರೆ ತೂಕ ಕಾಲು ಗಂಟೆಗೆ ಮುಗಿದೀತು. ಪಟ್ಟಿ ಬರೆಯುವ ಗುಮಾಸ್ತ ಒಬ್ಬನೇ, ಅವನ ಅರ್ಧ ಗಂಟೆ ಹಾಗೇ ಉಳಿಯಿತು. 60 ನಿಮಿಷದ ಕೆಲಸ 45ಕ್ಕೆ ಇಳಿಯಿತೇ ಹೊರತು 30ಕ್ಕಲ್ಲ. ಅಂದರೆ ವೇಗ ಹೆಚ್ಚಿದ್ದು 1.33 ಪಟ್ಟು. ಹಂಚಲು ಬಾರದ ಕೆಲಸವಾದರಂತೂ ಎರಡನೇ ಕೋರಿಗೆ ಆಕಳಿಸುವುದಷ್ಟೇ ಡ್ಯೂಟಿ.

ಇದನ್ನೋದಿ ತಾವು ಹಿಗ್ಗಬೇಡಿ. ‘ದಲಾಲಿ ಅಂಗಡಿಯ ಟ್ಯಾಲಿಗೆ, ನುಡಿಯಲ್ಲಿ ಅರ್ಜಿ ಟೈಪ್ ಮಾಡಲಿಕ್ಕೆ ಒಂದು ಕೋರ್ ಧಾರಾಳ ಸಾಕು’ ಎನ್ನುವುದು ತಮ್ಮ ಅಭಿಮಾನಿಗಳ ವಾದ. ನುಡಿಯ ಮಟ್ಟಿಗೆ ಒಪ್ಪೋಣ. ಆದರೆ ಅದು ಒಂಟಿಯಾಗಿ ಓಡುವುದಿಲ್ಲವಲ್ಲ! ಹಿಂದೆ ಆ್ಯಂಟಿವೈರಸ್ಸಿನ ತಪಾಸಣೆ, ವಿಂಡೋಸ್ ಅಪ್‌ಡೇಟ್, ಬ್ರೌಸರಿನಲ್ಲಿ ಜಿಎಸ್‌ಟಿ ಪೋರ್ಟಲ್. 2008ರಲ್ಲಿ ಬಂದ ಕ್ರೋಮ್ ಅಂತೂ ಟ್ಯಾಬುಗಳನ್ನು ಬೇರೆ ಬೇರೆ ಪ್ರೊಸೆಸ್‌ಗಳಾಗಿಯೇ ಓಡಿಸುತ್ತದೆ. ಇವೆಲ್ಲ ತಮ್ಮೊಬ್ಬರ ಮುಂದೆ ಪಾಳಿ ಹಚ್ಚಿದಾಗ, ಒತ್ತಿದ ಅಕ್ಷರ ಪರದೆಗೆ ಬರುವಷ್ಟರಲ್ಲಿ ಬರೆಯಬೇಕೆಂದಿದ್ದ ವಾಕ್ಯವೇ ಮರೆತಿರುತ್ತದೆ. ಎರಡನೇ ಕೋರ್ ಇದ್ದರೆ ಹಿಂದಿನ ಗದ್ದಲವನ್ನು ಅದು ನೋಡಿಕೊಳ್ಳುತ್ತದೆ, ಮುಂದಿನ ಕೆಲಸ ತಡವರಿಸುವುದಿಲ್ಲ. ಗಿರಾಕಿ ದುಡ್ಡು ಕೊಡಬೇಕಾದದ್ದು ಈ ಅನುಕೂಲಕ್ಕೆ, ಸ್ಟಿಕ್ಕರಿನ ಲೆಕ್ಕಕ್ಕಲ್ಲ.

‘ಎರಡು ಕೋರು ಬ್ಯಾಟರಿ ತಿಂದು ಹಾಕುತ್ತವೆ, ಕರೆಂಟು ಹೋಗಿ ಬರುವ ಊರಿಗೆ ಒಗ್ಗುವುದಿಲ್ಲ’ ಎಂಬ ಆಕ್ಷೇಪವೂ ಉಂಟು. ಚಿಪ್ ಎಳೆಯುವ ವಿದ್ಯುತ್ತು ಗಿಗಾಹರ್ಟ್ಸ್ ಜೊತೆಗೆ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಒಂದೇ ಕೋರಿನಿಂದ ಹೆಚ್ಚು ಕೆಲಸ ತೆಗೆಯಲೆಂದು ವೇಗ ಏರಿಸಲು ಹೊರಟರೆ ವೋಲ್ಟೇಜೂ ಏರಬೇಕಾಗುತ್ತದೆ. ತಮ್ಮ ವಂಶದ ಪೆಂಟಿಯಮ್ 4, 3.8 ಗಿಗಾಹರ್ಟ್ಸ್ ಮುಟ್ಟುವಾಗ 115 ವ್ಯಾಟಿನ ಕಾವಿಗೆ ಏದುಸಿರು ಬಿಟ್ಟಿತ್ತು. 2005ರಲ್ಲಿ ಇಂಟೆಲ್, ಎಎಂಡಿ ಎರಡೂ ಮೇಜಿನ ಕಂಪ್ಯೂಟರಿಗೆ ಎರಡು ಕೋರಿನ ಚಿಪ್ ತಂದದ್ದಕ್ಕೆ ಈ ಕಾವೇ ದೊಡ್ಡ ಕಾರಣ. ಇಂದು ಅಗ್ಗದ ಲ್ಯಾಪ್‌ಟಾಪಿನಲ್ಲಿರುವ ಎರಡು ಕೋರಿನ ಸೆಲೆರಾನ್ ಎನ್4020ಕ್ಕೆ ನಿಗದಿಯಾದದ್ದು 6 ವ್ಯಾಟ್. ಇನ್ನೊಂದು ಮನೆಯ ಗುಟ್ಟು ಹೇಳಿಬಿಡುತ್ತೇನೆ, ಸಿಟ್ಟಾಗಬೇಡಿ: 2006ರ ಜನವರಿಯಲ್ಲಿ ಇಂಟೆಲ್ ಕೋರ್ ಸೋಲೊ, ಕೋರ್ ಡ್ಯುವೊಗಳನ್ನು ಹೊರತಂದಾಗ ಸೋಲೊದೊಳಗೂ ಇದ್ದದ್ದು ಎರಡು ಕೋರಿನ ಸಿಲಿಕಾನ್ ತುಣುಕೇ. ಒಂದರ ಬಾಯಿ ಕಟ್ಟಿ ಮಾರಿದರು. ಏಕಾಂಗಿತನವೇ ಹಿರಿಮೆ ಎಂಬ ತಮ್ಮ ಭಾಷಣಕ್ಕೆ ಇದಕ್ಕಿಂತ ದೊಡ್ಡ ಅವಮಾನ ಬೇಡ.

ವೇಷ ಮರೆಸುವುದರಲ್ಲಿ ತಾವು ನಿಸ್ಸೀಮರು ಎಂಬುದನ್ನು ಮಾತ್ರ ಒಪ್ಪಲೇಬೇಕು. 2008ರ ಆ್ಯಟಮ್ ಎನ್270 ಹಾಕಿದ ಪುಟ್ಟ ನೆಟ್‌ಬುಕ್ಕಿನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದರೆ ಎರಡು ಗ್ರಾಫು ಕುಣಿಯುತ್ತವೆ. ‘ನೋಡ್ರೀ, ಡ್ಯುಯಲ್!’ ಎಂದರೆ ಗಿರಾಕಿ ನಂಬುತ್ತಾನೆ. ಅಲ್ಲಿರುವುದು ಒಂದೇ ಕೋರ್, ಎರಡಾಗಿ ಕಾಣಿಸುವುದು ಹೈಪರ್ ಥ್ರೆಡಿಂಗ್ ಎಂಬ ಚಮತ್ಕಾರದಿಂದ. ತಮ್ಮನಿಗೂ ಒಂದು ಕಿವಿಮಾತು: ವಿಂಡೋಸ್ 11ಕ್ಕೆ ಕನಿಷ್ಠ ಎರಡು ಕೋರ್ ಬೇಕೆಂದು ಮೈಕ್ರೋಸಾಫ್ಟ್ ಹೇಳಿದೆ, ಆದರೆ ಎರಡಿದ್ದ ಮಾತ್ರಕ್ಕೆ ಒಳಗೆ ಬಿಡುವುದಿಲ್ಲ. ಹಳೆಯ ಕೋರ್ 2 ಡ್ಯುವೊ ಮಾನ್ಯ ಪ್ರೊಸೆಸರುಗಳ ಪಟ್ಟಿಯಲ್ಲಿಲ್ಲ, ಎನ್4020 ಇದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು.

ಇನ್ನು ರೊಕ್ಕ ಎಣಿಸಲು ನಿಂತ ಅಪ್ಪ-ಅವ್ವಂದಿರಿಗೆ ಒಂದು ವಿನಂತಿ. ಟಾಸ್ಕ್ ಮ್ಯಾನೇಜರಿನ ‘ಪರ್ಫಾರ್ಮೆನ್ಸ್’ ಪುಟ ತೆರೆಸಿ, ‘ಕೋರ್ಸ್’ ಎಂಬಲ್ಲಿ 1 ಇದ್ದರೆ ನಮಸ್ಕಾರ ಹೇಳಿ. 2 ಇದ್ದರೆ ಅಲ್ಲಿಗೇ ನಿಲ್ಲಬೇಡಿ: ಪ್ರೊಸೆಸರಿನ ಪೂರ್ತಿ ಮಾಡೆಲ್ ನಂಬರ್ ಬರೆದುಕೊಳ್ಳಿ, ರ‍್ಯಾಮ್ 8 ಜಿಬಿಗೆ ಏರಿಸಲು ಬರುತ್ತದೆಯೇ, ಒಳಗಿರುವುದು ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ ಎಂದು ಕೇಳಿ. ಉತ್ತರ ಕೊಡಲು ತಡಬಡಿಸುವ ಅಂಗಡಿಯಿಂದ ಎದ್ದು ಬನ್ನಿ.

ಇಂತಿ,
ಸ್ಟಿಕ್ಕರ್ ನಂಬದ ಒಬ್ಬ ಗಿರಾಕಿ